ಚೀಟಿ ಕೆರೆಯುವ ಗಿರಿಜಾ

ಗಿರಿಜಾಳ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ ಇರುತ್ತಿತ್ತು. ಉಳಿದ ಒಂಬತ್ತನ್ನು ಬುಡಕ್ಕೆ ಕತ್ತರಿಸಿ ಚೊಕ್ಕ ಇಟ್ಟುಕೊಳ್ಳುವಳು. ಆ ಒಂದು ಉಗುರು ಬಾಟಲಿಯ ಮೇಲಿನ ಚೀಟಿ ಕೆರೆಯುವುದಕ್ಕೆ. ಹೊಸ ಕ್ರೀಮಿನ ಡಬ್ಬಿ ಬರಲಿ, ಔಷಧದ ಸಣ್ಣ ಶೀಸೆ ಬರಲಿ, ಮೊದಲು ಬಿಸಿನೀರಿನ ಬೋಗುಣಿಯಲ್ಲಿ ನೆನೆಹಾಕುವಳು. ಚೀಟಿ ಮೆತ್ತಗಾದ ಮೇಲೆ ತೊಡೆಯ ಮೇಲಿಟ್ಟುಕೊಂಡು ಸರಸರ ಕೆರೆದು, ಸೆರಗಿನಿಂದ ಒರೆಸಿ, ಬೆತ್ತಲೆ ಬಾಟಲಿಗಳನ್ನು ಸಾಲಾಗಿ ಕಪಾಟಿನಲ್ಲಿ ನಿಲ್ಲಿಸುವಳು.

"ಯಾಕ ಗಿರಿಜಾ, ಅದರ ಹೆಸರ ಅಳಸ್ತಿ?" ಅಂತ ಒಮ್ಮೆ ಕೇಳಿದೆ.

"ಅವ್ವಾ, ನಿಮ್ಮ ಹಪ್ಪಳದ ಹಿಟ್ಟಿಗೆ ಏನೇನ ಹಾಕ್ತೀರಿ ಅಂತ ಊರಿಗೆಲ್ಲಾ ಡಂಗುರ ಹೊಡಸ್ತೀರೇನು? ಇದೂ ಹಂಗ. ಹೆಸರ ಗೊತ್ತಾದ್ರ ನಾಳೆ ಅಂಗಡಿಗೆ ಹೋಗಿ ತಾವ ತಂದ ಹಚ್ಕೊಂತಾರ. ನನ್ನ ಕಡೆ ಯಾರ ಬರ್ತಾರ?"

ನನಗೆ ಈ ಮಾತು ಖರೇ ಅನ್ನಿಸಿತು. ಖಾನಾಪುರದಲ್ಲಿ ಮೂವತ್ತು ವರ್ಷ ಹಪ್ಪಳ, ಶ್ಯಾವಿಗೆ ಮಾಡಿ ಮಾರಿದವಳು ನಾನು. ಹಿಟ್ಟಿಗೆ ಹಾಕುವ ಖಾರದ ಅಳತೆಯನ್ನು ಸೊಸೆಗೂ ಹೇಳಿಲ್ಲ. ಹಪ್ಪಳ ಎಣ್ಣೆಯಲ್ಲಿ ಬೀಳುತ್ತದೆ, ಸೂಜಿ ಮೈಯಲ್ಲಿ ಇಳಿಯುತ್ತದೆ ಎಂಬ ವಿಚಾರ ಅವತ್ತು ತಲೆಗೆ ಹೊಳೆಯಲಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟಿದ್ದೇನೆ ಎಂದು ಅದಕ್ಕೆ ನೆಪ ಹೇಳುವುದಿಲ್ಲ. ಅಷ್ಟು ತಿಳಿಯಲು ಸಾಲಿ ಬೇಕಾಗಿರಲಿಲ್ಲ.

ಗಿರಿಜಾ ಕಣಕುಂಬಿ ಕಡೆಯವಳು. ಅಪ್ಪ ಅವ್ವ ಸಣ್ಣಂದಿನಲ್ಲೇ ಹೋಗಿದ್ದರು. ಗಂಡ ಗೋವಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ಬೆಳಗಾವಿಗೆ ಬಂದು ಕ್ಯಾಂಪ್ ಭಾಗದಲ್ಲಿ ಒಬ್ಬ ಚರ್ಮದ ಡಾಕ್ಟರ ದವಾಖಾನೆಯಲ್ಲಿ ಆಯಾ ಆಗಿ ಕೆಲಸಕ್ಕೆ ನಿಂತಳು. ಟ್ರೇ ತೊಳೆಯುವುದು, ಹತ್ತಿ ಕೊಡುವುದು, ಅಳುವ ಪೇಶಂಟುಗಳ ಕೈ ಹಿಡಿದು ನಿಲ್ಲುವುದು. ಹಂಗೆ ನಿಂತು ನಿಂತೇ ಎಲ್ಲ ಕಲಿತೆ ಅನ್ನುತ್ತಿದ್ದಳು. ಆ ಕೆಲಸ ಬಿಟ್ಟು ಖಾನಾಪುರಕ್ಕೆ ಬಂದಾಗ ನಮ್ಮ ಮನೆಯ ಮುಂದಿನ ಖೋಲಿ ಖಾಲಿ ಇತ್ತು. ಒಂದು ಕನ್ನಡಿ, ಒಂದು ಕುರ್ಚಿ ಇಟ್ಟು ಹುಬ್ಬು ತಿದ್ದುವ ಕೆಲಸ ಶುರು ಮಾಡಿದಳು.

ಅವಳ ಬಾಯಿ ಬಲು ಚುರುಕು. ಮರಾಠಿ ಹೆಂಗಸರು ಬಂದರೆ ಮರಾಠಿ, ನಮ್ಮವರು ಬಂದರೆ ಕನ್ನಡ, ಮುಸಲ್ಮಾನರ ಮನೆಯ ಹುಡುಗಿಯರು ಬಂದರೆ ಅವರ ಮಾತು. ಬಂದವಳು ಕುರ್ಚಿಯಲ್ಲಿ ಕೂತು ಏಳುವುದರೊಳಗೆ ಅವಳ ಅತ್ತೆ ನಾದಿನಿಯರ ಕತೆಯೆಲ್ಲ ಹೊರಗೆ ಬಂದಿರುತ್ತಿತ್ತು. ನನ್ನನ್ನೂ ಬಿಡಲಿಲ್ಲ. ಒಂದು ದಿನ ಹಿಟ್ಟು ಕುಟ್ಟುತ್ತ ಕೂತಿದ್ದೆ, ಬಂದವಳೇ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅವ್ವಾ, ನಿಮ್ಮ ಮೀಸಿ ನಿಮ್ಮ ಮಗನ ಮೀಸಿಗಿಂತ ದಪ್ಪ ಐತಲ್ರಿ!"

"ಇರ್ಲಿ ಬಿಡ. ಈ ವಯಸ್ಸಿನ್ಯಾಗ ನನ್ನ ಯಾವಾಂವ ನೋಡಾಕ ಬರ್ತಾನ?"

"ದೇವರ ನೋಡ್ತಾನ್ರಿ. ಮ್ಯಾಲೆ ಹ್ವಾದಾಗ ಗಂಡಸರ ಸಾಲಿನ್ಯಾಗ ನಿಲ್ಲಿಸ್ಯಾನು."

ದಾರ ಹಲ್ಲಲ್ಲಿ ಕಚ್ಚಿ ಎಳೆದೇ ಬಿಟ್ಟಳು. ಉರಿಗೆ ಕಣ್ಣಲ್ಲಿ ನೀರು ಬಂತು, ಅವಳ ಕೈ ಮೇಲೆ ಚಟ್ ಅಂತ ಹೊಡೆದೆ. ಅವಳು ನಕ್ಕಳು, ನಾನೂ ನಕ್ಕೆ. ಗಂಡ ಸತ್ತ ಮೇಲೆ ನನ್ನ ಮುಖ ಮುಟ್ಟಿದವಳು ಅವಳೊಬ್ಬಳೇ. ಅದು ಸುಳ್ಳಲ್ಲ.

ನಾಗರಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಾಗ ಗಿರಿಜಾ ಒಬ್ಬಳೇ ಖೋಲಿಯ ಬಾಗಿಲು ಹಾಕಿಕೊಂಡು ಕೂಡುತ್ತಿದ್ದಳು. ಎರಡನೇ ವರ್ಷ ನನಗೆ ನೋಡಲಾಗಲಿಲ್ಲ. ಒಳಗೆ ಕರೆದು ಮಣೆ ಹಾಕಿ ಕೂಡಿಸಿ ಉಡಿ ತುಂಬಿದೆ. ಅಂದಿನಿಂದ ಅವಳು ನಮ್ಮ ಮನೆಯ ಮಗಳು, ನನ್ನ ಮೊಮ್ಮಗಳು ಪಲ್ಲವಿಗೆ ಅತ್ತೆ. ನಮ್ಮಲ್ಲಿ ಉಡಿ ತುಂಬಿದವಳ ಹತ್ತಿರ ಕಾಗದ ಪತ್ರ ಕೇಳುವ ರೂಢಿ ಇಲ್ಲ.

ಒಮ್ಮೆ ಬೆಳಗಾವಿಯ ಯಾವುದೋ ಹೋಟೆಲಿನಲ್ಲಿ ಎರಡು ದಿನದ ತರಬೇತಿ ಅಂತ ಹೋಗಿ ಬಂದಳು. ಬರುವಾಗ ಬಿಳಿ ಕೋಟು ತಂದಳು, ಕೆಂಪು ಮುದ್ರೆಯ ಇಂಗ್ಲಿಷ್ ಕಾಗದ ತಂದಳು. ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಳು. ಹೊರಗೆ 'ಸ್ಕಿನ್ ಸ್ಪೆಷಲಿಸ್ಟ್' ಅಂತ ಬೋರ್ಡು ಬಂತು. ಹುಬ್ಬಿನ ದಾರ ಹೋಗಿ ಸೂಜಿ ಬಂತು. ಬಣ್ಣ ತಿಳಿಯಾಗಲು ಒಂದು, ತುಟಿ ತುಂಬಲು ಒಂದು, ಕೆನ್ನೆಯ ಕುಳಿಗೆ ಒಂದು. ಕೇಳಿದವರಿಗೆ, "ಮಾರಿ ಅಂದ್ರ ನಾದಿದ ಹಿಟ್ಟ ಇದ್ದಂಗ್ರಿ, ನಾವು ತಿದ್ದಿದಂಗ ತಿದ್ದಿಸ್ಕೊಂತೈತಿ" ಅನ್ನುತ್ತಿದ್ದಳು.

ಗಿರಾಕಿ ತಂದವಳು ನಾನು. ಯಾರ ಮನೆಯಲ್ಲಿ ಮದುವೆ ಕೂಡಿದರೂ ಮೊದಲು ಗೊತ್ತಾಗುವುದು ಹಪ್ಪಳ ಮಾಡುವವಳಿಗೆ. ಹಪ್ಪಳದ ಗಂಟು ಕೆಳಗಿಟ್ಟು, "ನಮ್ಮ ಗಿರಿಜಾನ ಕಡೆ ಕಳಸ್ರಿ ನಿಮ್ಮ ಹುಡುಗೀನ, ಲಗ್ನದಾಗ ಬೆಳಕ ಬಿದ್ದಂಗ ಕಾಣತಾಳ" ಎಂದು ಹೇಳಿ ಬರುತ್ತಿದ್ದೆ. ನನ್ನ ಹಪ್ಪಳ ಎಂದೂ ಕೆಟ್ಟಿರಲಿಲ್ಲ. ಆ ಭರವಸೆಯ ಮೇಲೆ ಹುಡುಗಿಯರು ಬಂದರು. ಪೀರನವಾಡಿಯಿಂದಲೂ ಬಂದರು.

ಪಲ್ಲವಿಯ ಎಡಗೆನ್ನೆಯಲ್ಲಿ ಒಂದು ಕುಳಿ ಇತ್ತು. ಸಣ್ಣವಳಿದ್ದಾಗ ಕುರು ಆಗಿ ಒಡೆದದ್ದು, ಕಡಲೆಕಾಳಿನಷ್ಟು. ಅವಳು ಅದನ್ನು ಎಂದೂ ತಲೆಗೆ ಹಚ್ಚಿಕೊಂಡವಳಲ್ಲ. ಸಣ್ಣ ಮಕ್ಕಳ ಸಾಲಿಯಲ್ಲಿ ಕಲಿಸುತ್ತಾಳೆ, ಮಕ್ಕಳು ಆ ಕುಳಿಯಲ್ಲಿ ಬೆರಳಿಟ್ಟು ಆಡುತ್ತಿದ್ದರಂತೆ. ಅವಳ ಮದುವೆ ನಿಶ್ಚಯ ಆದ ಮೇಲೆ ಗಿರಿಜಾ, "ನನ್ನ ಸೊಸಿ ಕುಳಿ ತುಂಬೂದು ಲಗ್ನಕ್ಕ ನನ್ನ ಆಯೇರಿ" ಎಂದಳು. ಪಲ್ಲವಿ ಬೇಡ ಎಂದಳು. ಅಷ್ಟು ಪ್ರೀತಿಯಿಂದ ಮಾಡುತ್ತೇನೆ ಅಂತಾಳೆ, ಮಾಡಿಸಿಕೋ ಅಂತ ನಾನೇ ಗಂಟುಬಿದ್ದೆ.

ಕುರ್ಚಿಯಲ್ಲಿ ಕೂತವಳು ಗಿರಿಜಾಳ ಕೈಯಲ್ಲಿದ್ದ ಸೂಜಿ ನೋಡಿ ಕೇಳಿದಳು: "ಅತ್ತಿ, ಇದರ ಹೆಸರೇನು? ಇದನ್ನ ನೀವು ಚುಚ್ಚಬಹುದೇನು, ಡಾಕ್ಟರ ಬೇಕಾಗೂದಿಲ್ಲ?"

ಗಿರಿಜಾಳ ಮುಖ ಸಣ್ಣದಾಯಿತು. "ಮನಿಯಾಕಿ ಮ್ಯಾಲೆ ಭರವಸಾ ಇಲ್ಲೇನವಾ ನಿನಗ?"

ನಾನು ಪಲ್ಲವಿಗೆ ಬೈದೆ. "ನಾಕ ಅಕ್ಷರ ಕಲತ ಕೂಡಲೇ ಅತ್ತಿಗೇ ಪರೀಕ್ಷಾ ಮಾಡ್ತಿಯೇನ? ಸುಮ್ಮ ಕುಂದರ."

ಅವಳು ತಲೆಯನ್ನು ಕುರ್ಚಿಗೆ ಆನಿಸಿದಳು. ನಾನು ಅವಳ ಕೈ ಹಿಡಿದು ನಿಂತೆ.

ಸೂಜಿ ಒಳಗೆ ಹೋಗುತ್ತಲೇ ಕೆನ್ನೆ ಸುಣ್ಣದಂತೆ ಬೆಳ್ಳಗಾಯಿತು. ಪಲ್ಲವಿ ಚೀರಿದಳು. "ಬರಫ ಇಡ್ರಿ, ಇಳೀತೈತಿ" ಅಂದಳು ಗಿರಿಜಾ. ಸಂಜೆಯಾದರೂ ನೋವು ಇಳಿಯಲಿಲ್ಲ. ಮುಂಜಾನೆ ನೋಡಿದರೆ ಕೆನ್ನೆಯಿಂದ ಮೂಗಿನ ಬಾಜುವರೆಗೆ ನೀಲಿ ಬಲೆ ಹರಡಿತ್ತು. ಗಿರಿಜಾಳ ಬಾಗಿಲು ಬಡಿದೆವು, ತೆಗೆಯಲಿಲ್ಲ. ಮಗ ಬಾಡಿಗೆ ಗಾಡಿ ತಂದ, ಬೆಳಗಾವಿಯ ದೊಡ್ಡ ದವಾಖಾನೆಗೆ ಓಡಿದೆವು.

ಅಲ್ಲಿಯ ಡಾಕ್ಟರು ಹೆಣ್ಣುಮಗಳು. ಕೆನ್ನೆ ಒತ್ತಿ ನೋಡಿ ನನ್ನನ್ನು ಬಾಜುಕ್ಕೆ ಕರೆದರು.

"ಅಜ್ಜಿ, ಕುಳಿ ತುಂಬಲು ಹಾಕುವ ಜೆಲ್ ರಕ್ತನಾಳದೊಳಗೆ ಹೋಗಿ ಕಟ್ಟಿಕೊಂಡಿದೆ. ರಕ್ತ ಹೋಗದೆ ಚರ್ಮ ಸಾಯುತ್ತಿದೆ, ಕಣ್ಣಿಗೂ ಅಪಾಯ ಇದೆ. ಒಂದು ಜಾತಿಯ ಜೆಲ್ ಆದರೆ ಕರಗಿಸುವ ಔಷಧ ಇದೆ. ಇನ್ನೊಂದು ಜಾತಿಯದಾದರೆ ಕರಗುವುದಿಲ್ಲ. ಈಗ ಅಂದಾಜಿನ ಮೇಲೆ ಶುರು ಮಾಡುತ್ತೇವೆ. ಆದರೆ ಹಾಕಿದ್ದರ ಹೆಸರು ಬೇಕು. ಬಾಟಲಿ, ಡಬ್ಬಿ, ಚೀಟಿ, ಏನಾದರೂ ತನ್ನಿ. ಬೇಗ."

ಚೀಟಿ ಅಂದ ಕೂಡಲೇ ಗಿರಿಜಾಳ ಆ ಉದ್ದ ಉಗುರು ಕಣ್ಣ ಮುಂದೆ ಬಂತು.

ಅದೇ ಗಾಡಿಯಲ್ಲಿ ನಾನೊಬ್ಬಳೇ ಖಾನಾಪುರಕ್ಕೆ ತಿರುಗಿ ಬಂದೆ. ಖೋಲಿಯ ಬಾಗಿಲು ತೆಗೆದಿತ್ತು. ಗಿರಿಜಾ ನೆಲ ಒರೆಸುತ್ತಿದ್ದಳು. ಕಪಾಟು ಖಾಲಿ, ಕಸದ ಬುಟ್ಟಿ ಖಾಲಿ. ಬಿಳಿ ಕೋಟು ಚೀಲದೊಳಗೆ.

"ಗಿರಿಜಾ, ಆ ಔಷಧದ ಹೆಸರ ಹೇಳ. ಡಾಕ್ಟರ ಕಾಯಾಕತ್ಯಾರ."

"ಯಾವ ಔಷಧಾ ಅವ್ವಾ?"

"ನಿನ್ನೆ ಹುಡುಗೀಗೆ ಚುಚ್ಚಿದ್ದು."

"ನಾ ಏನೂ ಚುಚ್ಚಿಲ್ರಿ. ಬರೇ ಫೇಶಿಯಲ್ ಮಾಡೀನಿ."

ನಿನ್ನೆ ನಾನು ಅದೇ ಖೋಲಿಯಲ್ಲಿ, ಅದೇ ಕುರ್ಚಿಯ ಬಾಜು ನಿಂತಿದ್ದೆ. ನನ್ನ ಮುಖ ನೋಡಿಯೇ ಈ ಮಾತು ಹೇಳುತ್ತಿದ್ದಾಳೆ.

"ನಿನ್ನ ಹೆಸರ ಎಲ್ಲೂ ತಗಿಯೂದಿಲ್ಲ. ನನ್ನ ಮಗನ ಆಣಿ. ಔಷಧದ ಹೆಸರಷ್ಟ ಹೇಳ. ಹುಡುಗಿ ಕೆನ್ನಿ ಸಾಯಾಕತ್ತೈತಿ."

"ನಿಮ್ಮ ಹುಡುಗಿ ಮನಿಯಾಗ ಏನ ಹಚ್ಕೊಂಡಾಳೋ ನನಗೇನ ಗೊತ್ತ್ರಿ" ಅಂದು ಮತ್ತೆ ನೆಲ ಒರೆಸತೊಡಗಿದಳು.

ಜೀವಮಾನದಲ್ಲಿ ನಾನು ಯಾರ ಕಾಲೂ ಹಿಡಿದವಳಲ್ಲ. ಅವತ್ತು ಆ ಒದ್ದೆ ನೆಲದ ಮೇಲೆ ಕೂತು ಅವಳ ಕಾಲು ಹಿಡಿದೆ. ಅವಳು ಮೆಲ್ಲಗೆ ಕಾಲು ಬಿಡಿಸಿಕೊಂಡು, ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬರಿಗೈಯಲ್ಲಿ ದವಾಖಾನೆಗೆ ಹೋದೆ. ಡಾಕ್ಟರು ಅಂದಾಜಿನ ಮೇಲೆ ಬಡಿದಾಡಿದರು. ಕಣ್ಣು ಉಳಿಯಿತು, ಅದೇ ದೊಡ್ಡದು ಎಂದರು. ಕೆನ್ನೆ ಮಾತ್ರ ಕಪ್ಪಾಗಿ, ಹಕ್ಕಳೆಗಟ್ಟಿ, ಉದುರಿತು. ಕಡಲೆಕಾಳಿನಷ್ಟು ಕುಳಿ ಇದ್ದಲ್ಲಿ ಮೂರು ಬೆರಳಗಲದ ಕಲೆ ಬಂತು. ಗಂಡಿನವರು ಮದುವೆ ಮುಂದೆ ಹಾಕಿದರು. ಹಾಕಿದ್ದು ಇನ್ನೂ ಮುಂದೆಯೇ ಇದೆ.

ದೂರು ಬರೆದವಳು ಪಲ್ಲವಿ, ಸಹಿ ನಂದು. ಮನೆಮಗಳ ಮೇಲೆ ದೂರು ಕೊಡುತ್ತಾರೇನು ಎಂದು ಓಣಿಯಲ್ಲಿ ಮಾತಾಡಿಕೊಂಡರು. ಮಾತಾಡಲಿ. ತಿಂಗಳ ಮೇಲೆ ಆರೋಗ್ಯ ಇಲಾಖೆಯ ಕಚೇರಿಗೆ ನನ್ನನ್ನೂ ಗಿರಿಜಾಳನ್ನೂ ಕರೆಸಿದರು. ಗಿರಿಜಾ ಹೊಸ ಸೀರೆ ಉಟ್ಟು ಬಂದಿದ್ದಳು. ಸಾಹೇಬರು ಗಾಜು ಹಾಕಿಸಿದ ಆ ಕಾಗದ ತರಿಸಿ ಓದಿದರು. ಎರಡು ದಿನದ ಮುಖದ ಆರೈಕೆಯ ಶಿಬಿರಕ್ಕೆ ಹಾಜರಿದ್ದಳು ಎಂದಷ್ಟೇ ಇತ್ತು. ಐದು ವರ್ಷ ನಾನು ಸೆರಗಿನಿಂದ ಧೂಳು ಒರೆಸಿದ ಕಾಗದ ಅದು.

"ಸೂಜಿ ಚುಚ್ಚಲು ಡಾಕ್ಟರ ಕಲಿಕೆ ಬೇಕು, ನೋಂದಣಿ ಬೇಕು. ನಿನಗೆ ಯಾವುದು ಐತಿ?" ಎಂದು ಕೇಳಿದರು. ಅವಳು ಸೆರಗು ಸರಿಮಾಡಿಕೊಂಡಳು. "ಮತ್ತ ಹಾಕಿದ್ದು ಏನು? ಎಲ್ಲಿಯದೋ ನಕಲಿ ಮಾಲು?"

ನಕಲಿ ಅಂದ ಕೂಡಲೇ ಅವಳಿಗೆ ಸಿಟ್ಟು ಬಂತು. ಪರ್ಸು ತೆಗೆದು, ನಾಲ್ಕು ಮಡಿಕೆ ಮಾಡಿಟ್ಟ ಖರೀದಿ ಚೀಟಿ ಮೇಜಿನ ಮೇಲೆ ಇಟ್ಟಳು.

"ನನ್ನ ಮಾಲು ಡುಪ್ಲಿಕೇಟ್ ಅಲ್ರಿ ಸಾಹೇಬ್ರ. ನೋಡ್ರಿ, ಹೆಸರೈತಿ, ಕಂಪನಿ ಐತಿ, ಎಲ್ಲಾ ಐತಿ."

ನಾನು ಕಾಲು ಹಿಡಿದಾಗಲೂ ಅದು ಆ ಪರ್ಸಿನಲ್ಲೇ ಇತ್ತು. ಆಮೇಲೆ ಡಾಕ್ಟರಿಗೆ ಆ ಹೆಸರು ತೋರಿಸಿದೆವು. ಕರಗುವ ಜಾತಿಯದೇ. ಮೊದಲೇ ಗೊತ್ತಿದ್ದರೆ ಅಳುಕದೆ ಹೆಚ್ಚು ಔಷಧ ಕೊಡುತ್ತಿದ್ದೆವು ಎಂದರು.

ಕಚೇರಿಯಲ್ಲಿ ಗಿರಿಜಾಳ ಕಡೆಯ ಮಾತು ಇದು: "ನನ್ನೊಬ್ಬಾಕೀನ ಯಾಕ ಹಿಡೀತೀರಿ? ಖೋಲಿ ಇವರದ. ಮನಿಮನಿ ತಿರಗಿ ಗಿರಾಕಿ ತಂದಾಕಿ ಇವರ. ಹುಡುಗೀನ ಬೈದು ಕುಂದರಿಸಿದಾಕೀನೂ ಇವರ."

ಸಾಹೇಬರು ನನ್ನ ಕಡೆ ನೋಡಿದರು. "ಅಜ್ಜಿ, ಇದನ್ನ ಬರಕೊಂಡ್ರ ನಿಮ್ಮ ಹೆಸರೂ ಬರ್ತದ."

"ಬರ್ಕೋರಿ. ಆಕಿ ಹೇಳಿದ್ರಾಗ ಅದೊಂದ ಖರೇ ಐತಿ" ಅಂದೆ.

ಖೋಲಿಗೆ ಮುದ್ರೆ ಒತ್ತಿದರು. ಗಿರಿಜಾ ಮುಂದಿನ ತಾರೀಖಿಗೆ ಬರಲಿಲ್ಲ. ಗೋವಾ ಗಡಿ ದಾಟಿದ್ದಾಳೆ ಅನ್ನುತ್ತಾರೆ, ಅಲ್ಲಿ ಇನ್ನೂ ದೊಡ್ಡ ಬೋರ್ಡು ಹಾಕಿದ್ದಾಳೆ ಅನ್ನುತ್ತಾರೆ. ನನಗೆ ಗೊತ್ತಿಲ್ಲ. ಒಮ್ಮೊಮ್ಮೆ ಹಿಟ್ಟು ಕುಟ್ಟುವಾಗ ಅವಳ ನಗೆ ನೆನಪಾಗುತ್ತದೆ, ಸಿಟ್ಟು ಬರುತ್ತದೆ. ಸಿಟ್ಟು ಅವಳ ಮೇಲೋ, ನೆನಪಿಸಿಕೊಂಡ ನನ್ನ ಮೇಲೋ, ಬಿಡಿಸಿ ನೋಡಲು ಹೋಗಿಲ್ಲ.

ನಾನು ಕಳಿಸಿದ ಮನೆಗಳಿಗೆಲ್ಲ ಈಗ ಮತ್ತೆ ಹೋಗುತ್ತಿದ್ದೇನೆ, ಹಪ್ಪಳದ ಗಂಟು ಇಲ್ಲದೆ. ಪಲ್ಲವಿ ತಾನೂ ಬರುತ್ತೇನೆ ಎಂದು ಹಟ ಹಿಡಿದು ಜೊತೆಗೆ ಬರುತ್ತಾಳೆ. ಸೂಜಿ ಹಾಕಿಸಿಕೊಂಡವರು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿರಿ, ಮುಂದೆ ಯಾರೇ ಚುಚ್ಚಲು ಬಂದರೂ ಡಾಕ್ಟರ ಹೌದೋ ಅಲ್ಲೋ ಕೇಳಿರಿ, ಔಷಧದ ಚೀಟಿ ಕಣ್ಣಾರೆ ನೋಡಿರಿ ಎಂದು ಹೇಳುತ್ತೇವೆ. ಕೆಲವರು ಬೈದರು. ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದರು.

ಹೋದ ವಾರ ಪೀರನವಾಡಿಗೆ ದೀಪಾಳ ಮನೆಗೆ ಹೋಗಿದ್ದೆವು. ಅವಳ ಮದುವೆಯ ಹಪ್ಪಳ ನನ್ನವೇ. ಬಣ್ಣ ತಿಳಿಯಾಗಲು ಗಿರಿಜಾ ಹತ್ತಿರ ವಾರಕ್ಕೊಂದು ಸೂಜಿ ಹಾಕಿಸಿಕೊಳ್ಳುತ್ತಿದ್ದ ಹುಡುಗಿ. ಈಗ ಆರು ತಿಂಗಳ ಬಸುರಿ. ಚಹಾ ತಂದಿಟ್ಟು, "ಗಿರಿಜಾ ಅಕ್ಕಾ ಎಲ್ಲಿ ಹೋದ್ರ ಆಯಿ? ಫೋನ ಹತ್ತವಲ್ದು. ನನ್ನವ ಇನ್ನೂ ಎರಡ ಸೂಜಿ ಬಾಕಿ ಅದಾವ" ಅಂದಳು.

ಪಲ್ಲವಿ ಮುಖಕ್ಕೆ ಕಟ್ಟಿದ ಓಢಣಿ ಬಿಚ್ಚಿದಳು.

ದೀಪಾ ಆ ಕೆನ್ನೆ ನೋಡಿದಳು. ಒಂದು ಕೈ ತನ್ನಷ್ಟಕ್ಕೆ ತಾನೇ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಹಂಗಾದ್ರ ನನ್ನ ಯಾಕ ಕಳಿಸಿದ್ರಿ ಆಯಿ?"

ಚಹಾ ಆರುತ್ತಿತ್ತು. "ನಾಳೆ ಮುಂಜಾನೆ ಬರ್ತೀನಿ. ಸ್ನಾನಾ ಮಾಡಿ ತಯಾರಿರು, ಬೆಳಗಾವಿ ದವಾಖಾನಿಗೆ ಹೋಗೂಣು" ಅಂದೆ.