ಗೆರೆ ಕಾಯುವ ಬೀಗದಕ್ಕ

ಬೆಳಕು ಇನ್ನೂ ಕಿಟಕಿಗೆ ಪೂರ್ತಿ ಬಂದಿಲ್ಲ. ನೆಲದೊಳಗಿನ ಕಲ್ಲು ಮಣ್ಣಿನ ನಕ್ಷೆ ಮಾಡುವ ಭೂವಿಜ್ಞಾನ ಕಚೇರಿಯ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಂಪ್ಯೂಟರ್ ಎಚ್ಚರವಾಗಿದೆ. ಅದರ ಮುಂದೆ ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತ ಹೆಂಗಸು ನಿನ್ನೆಯ ನಕ್ಷೆಯ ಮೇಲೆ ಇವತ್ತಿನ ನಕ್ಷೆಯನ್ನು ತೆಳುವಾಗಿ ಹೊದಿಸುತ್ತಾರೆ. ಗುಲಾಬಿ ಕಲ್ಲು, ಹಳದಿ ಮರಳು, ಬೂದು ಜೇಡಿ. ಎರಡೂ ಒಂದೇ ಆಗಿದ್ದರೆ ಪರದೆ ಗಾಳಿಯಿಲ್ಲದ ಕೆರೆಯಂತೆ ಸುಮ್ಮನಿರುತ್ತದೆ. ಯಾರಾದರೂ ಗೆರೆ ಕದಲಿಸಿದ್ದರೆ ಅಲ್ಲೊಂದು ನೆರಳು ಮೂಡುತ್ತದೆ. ನೋಡುತ್ತಾ ಕೂತರೆ ನಮಗೂ ನೆಲದೊಳಗೆ ಇಳಿಯುತ್ತಿರುವಂತೆ ಮಂಪರು ಹತ್ತುತ್ತದೆ.

ಕಚೇರಿಯವರಿಗೆ ಇವರು ಬೀಗದಕ್ಕ. ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ತಿದ್ದುವ ಅನುಮತಿ ಯಾರಿಗೆ, ಯಾವ ಭಾಗಕ್ಕೆ, ಎಷ್ಟು ಹೊತ್ತು ಎಂದು ಸಾಫ್ಟ್‌ವೇರಿನಲ್ಲಿ ಗೊತ್ತುಮಾಡುವವರು ಇವರು. ಆ ನೆಲದ ಮೇಲೆ ನಡೆದು ಬಂದವರಿಗಷ್ಟೇ ಕೊಡುತ್ತಾರೆ.

"ಮಣ್ಣು ಹೇಗಿತ್ತು, ಕಾಲಿಗೆ ಅಂಟ್ತಾ, ಉದುರ್ತಾ ಅಂತ ಕೇಳ್ತೀನಿ. ತಡವರಿಸಿದ್ರೆ ವಾಪಸ್ ಕಳಿಸ್ತೀನಿ. ಹಿಂದಿನಿಂದ ಬೈಕೋತಾರೆ. ಬೈಕೊಳ್ಳಲಿ ಬಿಡಿ."

ಮೊದಲು ಕಾಗದದ ನಕ್ಷೆಗಳಿಗೆ ಬಣ್ಣ ತುಂಬುತ್ತಿದ್ದವರು. ಕಪಾಟಿನ ಬೀಗದ ಕೈಯೂ ಇವರ ಬಳಿಯೇ ಇತ್ತು. ನಕ್ಷೆಗಳು ಕಂಪ್ಯೂಟರಿಗೆ ಹೋದಾಗ ಕಾವಲೂ ಇವರ ಪಾಲಿಗೇ ಬಂತು. ನೌಕರಿ ಇವತ್ತಿಗೂ ಕಾಯಂ ಆಗಿಲ್ಲ. ಬಸ್ ಓಡಿಸುವ ಗಂಡ ಮೊದಲ ಸರದಿಗೆ ಹೊರಡುವಾಗ ಇವರನ್ನೂ ಇಲ್ಲಿ ಇಳಿಸಿ ಹೋಗುತ್ತಾರೆ. "ಮನೆಗೆ ಬೀಗ ಹಾಕೋದು ಮರೀತಾಳೆ, ಊರ ಕಲ್ಲಿಗೆಲ್ಲ ಬೀಗ ಹಾಕ್ತಾಳೆ" ಎಂದು ಅವರ ತಮಾಷೆ.

ಹೋದ ಮಳೆಗಾಲದ ಒಂದು ಮುಂಜಾನೆ ಗುಡ್ಡವೊಂದರ ಮೇಲೆ ಆ ನೆರಳು ಕಂಡಿತು. ಗುಡ್ಡವನ್ನು ಎರಡು ತಂಡ ಎರಡು ಕಡೆಯಿಂದ ಅಳೆದಿದ್ದವು. ಅವರ ನಕ್ಷೆಯ ಎರಡು ಹಾಳೆ ಕೂಡುವಲ್ಲಿ ಗೆರೆಗಳು ಕೂಡಿರಲಿಲ್ಲ. ನಕ್ಷೆ ಬರೆಯುವವನಿಗೆ ಅದು ಅಂದಗೆಟ್ಟಂತೆ ಕಂಡು, ಕಚೇರಿ ಮುಖ್ಯಸ್ಥರ ಪಾಸ್‌ವರ್ಡ್ ಪಡೆದು ನುಣ್ಣಗೆ ಜೋಡಿಸಿಬಿಟ್ಟಿದ್ದ. ಹಿಂದೆಂದೋ ಕುಸಿದ, ಮಳೆಗೆ ಮತ್ತೆ ಜಾರಬಲ್ಲ ಜೇಡಿಮಣ್ಣು ಮಕ್ಕಳ ಹಾಸ್ಟೆಲ್ ಕಟ್ಟಲು ಗೊತ್ತುಮಾಡಿದ್ದ ಜಾಗದಿಂದ ಆಚೆ ಸರಿದಿತ್ತು, ನಕ್ಷೆಯಲ್ಲಿ ಮಾತ್ರ.

ಬೀಗದಕ್ಕ ಹಳೆಯ ಗೆರೆಗಳನ್ನು ವಾಪಸ್ ತಂದು, ಮುಖ್ಯಸ್ಥರೂ ಸೇರಿ ಎಲ್ಲರ ತಿದ್ದುವ ಅನುಮತಿ ಮುಚ್ಚಿದರು. ಮುಖ್ಯಸ್ಥರು ಧುಮುಗುಡುತ್ತಾ ಬಂದರು.

"ಹಾಸ್ಟೆಲ್ ಕಟ್ಟೋರಿಗೆ ಸಂಜೆ ನಕ್ಷೆ ಕಳಿಸ್ಬೇಕು. ಬೀಗ ತೆಗೀರಿ."

"ತೆಗೀತೀನಿ ಸಾರ್, ಆ ಗುಡ್ಡ ಹತ್ತಿ ಬಂದವರಿಗೆ."

ಬೀಗದಕ್ಕನ ಕೆಲಸ ಮುಂದುವರಿಸುವ ಆದೇಶಕ್ಕೆ ಸಹಿ ಹಾಕುವವರೂ ಇದೇ ಮುಖ್ಯಸ್ಥರು. ಸಂಜೆ ನಕ್ಷೆ ಹೋಗಲಿಲ್ಲ. ಮರುದಿನ ಮುಖ್ಯಸ್ಥರು ಸರ್ವೆಯವರ ಜೊತೆ ತಾವೇ ಗುಡ್ಡ ಹತ್ತಿ, ಮೊಣಕಾಲುದ್ದ ಕೆಸರಾಗಿ ಬಂದು ಇವರ ಮುಂದೆ ನಿಂತರು.

"ಮಣ್ಣು ಹೇಗಿತ್ತು ಸಾರ್?"

"ಬೂಟೇ ಕಿತ್ಕೊಳ್ತಮ್ಮ" ಎಂದು ಅವರು ಕುರ್ಚಿ ಎಳೆದುಕೊಂಡರು. ಅನುಮತಿ ತೆರೆಯಿತು. ಹಾಳೆ ಕೂಡುವಲ್ಲಿನ ಗೆರೆಯನ್ನು ತಾವೇ ಎಳೆದರು. ಜೇಡಿಯ ಆ ಅಂಚು ಹಾಸ್ಟೆಲಿನ ಮಲಗುವ ಕೋಣೆಗಳು ಬರಬೇಕಿದ್ದ ಜಾಗದ ಅಡಿಯಲ್ಲೇ ಹಾದುಹೋಯಿತು. ಕಟ್ಟಡವೀಗ ಗುಡ್ಡದ ಇನ್ನೊಂದು ಮಗ್ಗುಲಲ್ಲಿ, ಗಟ್ಟಿ ಕಲ್ಲಿನ ಮೇಲೆ ಏಳುತ್ತಿದೆ.

ಅಂಥ ಯಾವ ಗುಡ್ಡವನ್ನೂ ಬೀಗದಕ್ಕ ಸ್ವತಃ ಕಂಡವರಲ್ಲ. ಏನಾದರೂ ಆಸೆಯಿದೆಯೇ ಎಂದರೆ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಹಾಸ್ಟೆಲ್ ಮುಗಿದ ಮೇಲೆ ಒಂದು ರಾತ್ರಿ ಅಲ್ಲಿ ಉಳ್ಕೋಬೇಕು. ಹೊರಗೆ ಮಳೆ ಧೋ ಅಂತ ಸುರೀತಿರ್ಬೇಕು. ಒಳಗೆ ಒಂದು ಮಗುವಿಗೂ ಎಚ್ಚರ ಆಗ್ಬಾರ್ದು."