ಜಡ್ಡಿನವರ ರೊಟ್ಟಿ

ನಿಜಾಮರ ರಾಜ್ಯದ ಆ ದಿನಗಳಲ್ಲಿ ನಮ್ಮ ಕಮಲಾಪುರದಲ್ಲಿ ನೀವು ಡಬಲ್ ರೊಟ್ಟಿ, ಅಂದರೆ ಈಗಿನ ಬ್ರೆಡ್ಡು, ತಿನ್ನಬೇಕಾದರೆ ಒಂದೋ ಬಂಗಲೆಗೆ ಬಂದಿಳಿದ ದೊಡ್ಡ ಸಾಹೇಬರಾಗಿರಬೇಕಿತ್ತು, ಇಲ್ಲವೇ ಜ್ವರ ಬಂದು ಹಾಸಿಗೆ ಹಿಡಿದಿರಬೇಕಿತ್ತು. ಗಟ್ಟಿಮುಟ್ಟಾಗಿದ್ದವರಿಗೆ ಜೋಳದ ರೊಟ್ಟಿ. ಜಡ್ಡಾದವರಿಗೆ ಹಾಲಲ್ಲಿ ನೆನೆಸಿದ ಡಬಲ್ ರೊಟ್ಟಿ. ಹಕೀಮರೂ ಹಾಗೇ ಹೇಳುತ್ತಿದ್ದರು. ಅದಕ್ಕೇ ಊರಲ್ಲಿ ಅದಕ್ಕೆ ಜಡ್ಡಿನವರ ರೊಟ್ಟಿ ಎಂದೇ ಹೆಸರು. ನಮ್ಮಪ್ಪ ಅದನ್ನು ಮಾರುತ್ತಿದ್ದ.

ಅಪ್ಪ ತನ್ನ ಪಾಲಿನ ಹೊಲವನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು, ಒಂದು ಕುದುರೆ, ಒಂದು ಟಾಂಗಾ, ಜೊತೆಗೆ ಕಲಬುರ್ಗಿಯಿಂದ ಕಮಲಾಪುರದವರೆಗಿನ ರೊಟ್ಟಿಯ ಫೇರಿ ಕೊಂಡಿದ್ದ. ಫೇರಿ ಅಂದರೆ ದಾರಿಯ ಹಕ್ಕು. ಕಲಬುರ್ಗಿಯ ಸ್ಟೇಶನ್ ಬಜಾರದ ರೊಟ್ಟಿ ಭಟ್ಟಿಯ ಸೇಠ ಒಂದು ದಾರಿಗೆ ಒಬ್ಬನಿಗೇ ರೊಟ್ಟಿ ಕೊಡುತ್ತಿದ್ದ. ಆ ದಾರಿಯ ಊರುಗಳಲ್ಲಿ ಬೇರೆ ಯಾರೂ ಮಾರುವಂತಿರಲಿಲ್ಲ. ಕೇಳುವುದಕ್ಕೆ ಜಹಗೀರು ಇದ್ದಂಗೆ. ಆದರೆ ಮಾರದೆ ಉಳಿದ ರೊಟ್ಟಿಯನ್ನು ಸೇಠ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಹಬ್ಬವಿರಲಿ, ಹಳ್ಳ ಬಂದಿರಲಿ, ಅಪ್ಪನಿಗೇ ಜ್ವರ ಬಂದಿರಲಿ, ಗಾಡಿ ಹೊರಡಲೇಬೇಕು. ಎರಡು ಸಲ ತಪ್ಪಿಸಿದರೆ ಫೇರಿ ಮತ್ತೊಬ್ಬನ ಪಾಲು. ಅಣ್ಣಂದಿರ ಹೊಲದಲ್ಲಿ ಎತ್ತುಗಳಿಗಾದರೂ ಅಮಾವಾಸ್ಯೆಗೆ ಬಿಡುವಿತ್ತು, ನಮ್ಮಪ್ಪನಿಗೆ ಇರಲಿಲ್ಲ.

ದಿನ ಬಿಟ್ಟು ದಿನ ಕಮಲಾಪುರದ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರ್ಗಿಗೆ ಹೋಗುತ್ತಿದ್ದ. ಭಟ್ಟಿಯ ಜಗಲಿಯ ಮೇಲೆ ಮಲಗಿ, ಮರುದಿನ ನಸುಕಿಗೆ ಬಿಸಿ ರೊಟ್ಟಿ ತುಂಬಿಕೊಂಡು ಮಹಾಗಾಂವದ ಮೇಲೆ ಹಾಯ್ದು ಬರುತ್ತಿದ್ದ. ನಾನು ಊರ ಹೊರಗಿನ ಸುಂಕದ ನಾಕಾದ ಹತ್ತಿರ ಕಾದು ನಿಂತು ಟಾಂಗಾ ಏರುತ್ತಿದ್ದೆ. ಪೆಟ್ಟಿಗೆಯ ಮೇಲಿನ ಬಿಳಿ ಬಟ್ಟೆ ಸರಿಸಿದರೆ ಹುಳಿಹುಳಿ ಬೆಚ್ಚನೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಿಟ್ಟು ಉಬ್ಬಲು ಈಚಲ ಸೇಂದಿ ಹಾಕುತ್ತಾರೆಂದು ಅವ್ವ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಮಿಕ್ಕ ರೊಟ್ಟಿ ತಿನ್ನಲು ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ, ಅದ್ದಿಕೊಳ್ಳಲು ಬೆಲ್ಲದ ನೀರನ್ನಷ್ಟೇ ಕೊಡುತ್ತಿದ್ದಳು, ಆಮೇಲೆ ಬಾಯಿ ಮುಕ್ಕಳಿಸಲು ಹೇಳಿ ಒಳಗೆ ಬಿಡುತ್ತಿದ್ದಳು. ನಾನು ಅರ್ಧ ಮುಕ್ಕಳಿಸುತ್ತಿದ್ದೆ. ಆ ರುಚಿ ಹೋಗುವುದು ನನಗೆ ಬೇಕಿರಲಿಲ್ಲ.

ಮನೆಗಳ ಒಳಗೆ ರೊಟ್ಟಿ ಕೊಡುವುದು ನನ್ನ ಕೆಲಸ. ಗಂಡಸಾದ ಅಪ್ಪ ನಡುಮನೆಯವರೆಗೆ ಹೋಗುವಂತಿರಲಿಲ್ಲ, ಸಣ್ಣ ಹುಡುಗಿ ನಾನು ಹೋಗಬಹುದಿತ್ತು. ಬಾಳೆತೋಟದವರ ಮನೆಯೊಂದಿತ್ತು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಆ ಮನೆಯ ಯಜಮಾನಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಜಡ್ಡಿಲ್ಲದಿದ್ದರೂ ಮೊಣಕಾಲು ನೋವು ಎಂದು ನೆಪ ಹೇಳಿ ರೊಟ್ಟಿ ತರಿಸಿ ತಿನ್ನುತ್ತಿದ್ದ ಧೈರ್ಯದ ಮುದುಕಿ ಅವಳೊಬ್ಬಳೇ. ನನ್ನ ಉಡಿಯಲ್ಲಿ ಒಂದು ಬಾಳೆಹಣ್ಣು ಹಾಕದೆ ಎಂದೂ ಕಳಿಸಿದವಳಲ್ಲ. ಅವಳ ಸೊಸೆ ಆಗಿನ್ನೂ ಹದಿಹರೆಯದವಳು, ಕಂಕುಳಲ್ಲಿ ಚೊಚ್ಚಲ ಕೂಸು, ಮಾತು ಕಡಿಮೆ.

ಆ ವರ್ಷ ಚಳಿಗಾಲದಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಪ್ಲೇಗು ಎನ್ನುವ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಜಡ್ಡಾದವರನ್ನು ಸರಕಾರದವರು ಹಳ್ಳದಾಚೆಯ ತಟ್ಟಿ ಗುಡಿಸಲುಗಳಿಗೆ ಹೊತ್ತೊಯ್ಯುತ್ತಿದ್ದರು. ಅಲ್ಲಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಹೋದವರು ತಿರುಗಿ ಬಂದದ್ದನ್ನು ನಾನಂತೂ ನೋಡಲಿಲ್ಲ. ಅದಕ್ಕೇ ಜನ ಜ್ವರವನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡರು. ನಾಕಾದಲ್ಲಿ ಸರಕಾರದ ದಫೇದಾರನೊಬ್ಬ ಬಂದು ಕುಳಿತ. ಪರವಾನಗಿ ಚೀಟಿ ಇದ್ದವರನ್ನಷ್ಟೇ ಒಳಗೆ ಬಿಡುತ್ತಿದ್ದ. ಅಪ್ಪನಿಗೆ ಚೀಟಿ ಸಿಕ್ಕಿತು, ರೊಟ್ಟಿಗೆ ಎಂದೂ ಇಲ್ಲದಷ್ಟು ಗಿರಾಕಿಯೂ ಬಂತು. ಅಪ್ಪ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತ ಹೋದ. ಮಂದಿಯ ಜಡ್ಡಿನ ಮೇಲೆ ನನ್ನ ಮಕ್ಕಳ ಹೊಟ್ಟೆ ತುಂಬುವಂಗಾಯಿತಲ್ಲ ಎಂದು ಅವ್ವನ ಮುಂದೆ ಅಂದದ್ದು ನನಗೆ ಕೇಳಿಸಿತ್ತು.

ದಫೇದಾರ ದಡ್ಡನಲ್ಲ. ರೊಟ್ಟಿಯ ಟಾಂಗಾ ಯಾವ ಬಾಗಿಲಲ್ಲಿ ನಿಲ್ಲುತ್ತದೋ ಆ ಮನೆಯಲ್ಲಿ ಜ್ವರವಿದೆ ಎನ್ನುವುದು ಅವನಿಗೆ ಬೇಗನೇ ಹೊಳೆಯಿತು. ಒಂದು ಮುಂಜಾನೆ ಕುದುರೆಯ ಲಗಾಮು ಹಿಡಿದು ನಿಲ್ಲಿಸಿ, ಹೊಸದಾಗಿ ಯಾವ ಯಾವ ಮನೆಯವರು ತೆಗೆದುಕೊಳ್ಳುತ್ತಿದ್ದಾರೆ ಹೇಳು ಎಂದ. ಹೇಳಿದರೆ ಚೀಟಿ ಉಳಿಯುತ್ತದೆ, ಇಲ್ಲವಾದರೆ ಮುಂದಿನ ಸಲ ಗಾಡಿ ಇಲ್ಲಿಂದಲೇ ವಾಪಸು ಎಂದು ನಗುತ್ತಲೇ ಹೇಳಿದ. ನಾನು ಅಪ್ಪನ ಪಕ್ಕದಲ್ಲೇ ಕುಳಿತಿದ್ದೆ.

"ನಾ ರೊಟ್ಟಿ ಮಾರಾಂವ ಸಾಹೇಬ್ರ," ಅಂದ ಅಪ್ಪ. "ಅದು ಯಾರ ಬಾಯಾಗ ಹೋಗ್ತದ ಅಂತ ನಾ ನೋಡಾಂಗಿಲ್ರಿ."

ಆ ದಿನ ದಫೇದಾರ ನಮ್ಮ ಟಾಂಗಾದ ಹಿಂದೆಯೇ ನಡೆದು ಬಂದ. ಅಪ್ಪ ಯಾವ ಬಾಗಿಲಲ್ಲೂ ನಿಲ್ಲಿಸಲಿಲ್ಲ. ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತವರ ಮುಂದೆಯೇ ಕುದುರೆ ಓಡಿಸಿದ. ಬಾಳೆತೋಟದವರ ಮನೆಯ ಕಿಟಕಿಯಲ್ಲಿ ಸೊಸೆಯ ಮುಖ ಕಂಡಿತು. ನಾಲ್ಕು ದಿನದಿಂದ ದೊಡ್ಡವ್ವನಿಗೆ ಜ್ವರ. ಈ ಸಲ ನೆಪವಲ್ಲ. ಪೆಟ್ಟಿಗೆ ತುಂಬಿದ್ದ ಹಾಗೇ ಮನೆಗೆ ಬಂತು.

ಅವ್ವ ಅದುವರೆಗೆ ಆ ರೊಟ್ಟಿ ಮುಟ್ಟಿದವಳಲ್ಲ. ಅಂದು ಒಂದಿಷ್ಟು ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನ್ನನ್ನೂ ಕರೆದುಕೊಂಡು ಹಿತ್ತಲ ಸಂದಿಯಿಂದ ದೊಡ್ಡವ್ವನ ಮನೆಗೆ ಹೋದಳು. ಬಾಗಿಲು ತೆರೆದ ಸೊಸೆ ರೊಟ್ಟಿಯ ಕಡೆ ನೋಡಲೇ ಇಲ್ಲ. ಅತ್ತೆಯ ಕಂಕುಳಲ್ಲಿ ಗಡ್ಡೆ ಎದ್ದಿದೆ ಎಂದು ಪಿಸುಗುಟ್ಟಿ, ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

"ನನ್ನ ಕೂಸಿಗೆ ಹತ್ತತದೇನ್ರಿ ಯವ್ವಾ?"

ಕೂಸನ್ನು ತವರಿಗೆ ಕರೆದುಕೊಂಡು ಹೋಗು ಎಂದಳು ಅವ್ವ. ಈಗ ಮನೆ ಬಿಟ್ಟು ಹೊರಟರೆ ಊರಿಗೆಲ್ಲ ಗೊತ್ತಾಗುತ್ತದೆಂದು ಗಂಡ, ಮಾವ ಬಿಡುತ್ತಿಲ್ಲ ಎಂದಳು ಸೊಸೆ. ಒಳಗಿನಿಂದ ದೊಡ್ಡವ್ವ ನರಳುವುದು ಕೇಳುತ್ತಿತ್ತು. ಅವ್ವ ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು, ನನ್ನ ಕೈ ಹಿಡಿದು ಸಂದಿಗಿಳಿದಳು.

ಮರುದಿನ ಅಪ್ಪ ಎಂದಿನಂತೆ ಕಲಬುರ್ಗಿಗೆ ಹೋದ. ಒಳಗೆ ಬಿಡದಿದ್ದರೂ ಸರಿ, ಸೇಠನ ಕಣ್ಣಿಗೆ ಫೇರಿ ತಪ್ಪಿಸಿದವನಾಗಬಾರದು ಎನ್ನುವ ಲೆಕ್ಕ. ಅವನು ತಿರುಗಿ ಬರುವ ಮುಂಜಾನೆ ನಾನು ನಾಕಾದಲ್ಲಿ ಹೆದರುತ್ತಲೇ ಕಾದೆ. ಟಾಂಗಾ ಬಂದು ನಿಂತಿತು. ನಾನು ಮೇಲೆ ಏರಿದೆ. ಆಗಲೇ ನಾವಿಬ್ಬರೂ ನೋಡಿದ್ದು. ನಾಕಾದ ಗುಡಿಸಲಿನ ಹಿಂದೆ, ತಲೆತುಂಬ ಸೆರಗು ಹೊದ್ದು, ಕಂಕುಳಲ್ಲಿ ಕೂಸಿದ್ದ ಸೊಸೆ ದಫೇದಾರನ ಜೊತೆ ಮಾತಾಡುತ್ತಿದ್ದಳು. ತಿರುಗಿದವಳು ಅಪ್ಪನನ್ನು ಕಂಡು ಅಲ್ಲೇ ಕಲ್ಲಾದಳು. ಅಪ್ಪ ಕಣ್ಣು ಬೇರೆ ಕಡೆ ಹೊರಳಿಸಿದ. ಅವಳು ಹೊಲದ ಬದುವಿನ ಮೇಲೆ ಸರಸರನೆ ಹೋಗಿಬಿಟ್ಟಳು.

ದಫೇದಾರನಿಗೆ ಬೇಕಾದದ್ದು ಸಿಕ್ಕಿತ್ತು. ಅಪ್ಪನ ಚೀಟಿಯನ್ನು ಕೇಳದೆಯೇ ಹೋಗು ಹೋಗು ಎಂದು ಕೈಬೀಸಿದ. ಮುಂದೆ ನಮ್ಮ ಟಾಂಗಾ, ಅದರ ಹಿಂದೆಯೇ ಅವನ ಮಂದಿ. ಹೀಗೆ ನಾವು ಊರು ಹೊಕ್ಕೆವು. ನಾವು ಎರಡು ಬಾಗಿಲು ಮುಟ್ಟುವುದರೊಳಗೆ ಅವರು ದೊಡ್ಡವ್ವನನ್ನು ಹೊರಸಿನ ಸಮೇತ ಹೊತ್ತು ತಂದರು. ಮುದುಕಿ ಹೊರಸಿನ ಕಾಲು ಹಿಡಿದುಕೊಂಡು, ನಾನೇನು ಮಾಡೀನಿ, ನಾನೇನು ಮಾಡೀನಿ ಎನ್ನುತ್ತಿದ್ದಳು. ಮೂರನೆಯ ದಿನ ಗುಡಿಸಲಿನಲ್ಲೇ ತೀರಿಕೊಂಡಳಂತೆ.

ಊರಿಗೆ ಬೇರೆ ಸಾಕ್ಷಿ ಯಾಕೆ ಬೇಕು? ಹಿಂದಿನ ಸಲ ದಫೇದಾರ ಬೆನ್ನು ಹತ್ತಿ ಬಂದದ್ದನ್ನು ಎಲ್ಲರೂ ನೋಡಿದ್ದರು, ಈ ಸಲ ಟಾಂಗಾವನ್ನು ಅದರ ಪಾಡಿಗೆ ಬಿಟ್ಟದ್ದನ್ನೂ ನೋಡಿದರು. ರೊಟ್ಟಿಯವ ಚೀಟಿಗಾಗಿ ದೊಡ್ಡವ್ವನನ್ನು ಮಾರಿದ ಎಂದು ಸಂಜೆಯೊಳಗೆ ಊರೆಲ್ಲ ಮಾತಾಯಿತು. ಮುಂದಿನ ಸಲ ಒಂದು ಬಾಗಿಲೂ ತೆರೆಯಲಿಲ್ಲ. ಒಬ್ಬಾಕೆ ನನ್ನ ಮುಖದ ಮುಂದೆಯೇ ಉಗುಳಿದಳು. ಅಪ್ಪನ ಅಣ್ಣಂದಿರು ಬಂದು, ಮನೆತನದ ಮರ್ಯಾದೆ ಕಳೆದೆ ಎಂದು ಅವನನ್ನು ಬೈದು ಹೋದರು. ಸೊಸೆಯನ್ನು ಕಂಡದ್ದು ಬಾಯಿಗೆ ಬಂದಿತ್ತು ನನಗೆ, ಅಪ್ಪ ಕಣ್ಣಲ್ಲೇ ಗದರಿಸಿದ.

ಅವರು ಹೋದಮೇಲೆ ನಾನು ಅವ್ವನಿಗೆ ಎಲ್ಲ ಹೇಳಿಬಿಟ್ಟೆ, ಅವ್ವ ಅಪ್ಪನನ್ನು ಹಿಡಿದು ಕೇಳಿದಳು. ನೋಡಿದ್ದನ್ನು ಹೇಳು, ನಾಳೆಯೇ ಹೇಳು, ಚಾವಡಿಯಲ್ಲಿ ನಿಂತು ಹೇಳು ಎಂದಳು.

"ಹೇಳಬಹುದು. ಆಮ್ಯಾಲ ಆಕಿ ಆ ಮನ್ಯಾಗ ಹ್ಯಾಂಗ ಬಾಳ್ವಿ ಮಾಡ್ತಾಳ?"

"ಮತ್ತ ನಮ್ಮ ಬಾಳ್ವಿ?"

"ನಮಗ ನಾವು ಅದೀವಿ. ಆಕಿಗೆ ಯಾರದಾರ?"

ಅವ್ವ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸೊಸೆಯ ಮೇಲಲ್ಲ, ಅಪ್ಪನ ಮೇಲೆ. ಇಷ್ಟು ಒಳ್ಳೆಯವನಾಗು ಎಂದು ಇವನಿಗೆ ಯಾರು ಹೇಳಿದ್ದರು?

ರೊಟ್ಟಿ ಖಾಲಿಯಾಗದ ಫೇರಿಯನ್ನು ಎಷ್ಟು ದಿನ ನಡೆಸಲಾದೀತು? ಸೇಠ ದಾರಿಯನ್ನು ಮತ್ತೊಬ್ಬನಿಗೆ ಕೊಟ್ಟ. ನಾವು ಊರು ಬಿಟ್ಟು ಸ್ಟೇಶನ್ ಬಜಾರದ ಹಿಂದಿನ ಒಂದು ಕೋಣೆಗೆ ಬಂದೆವು. ಅಪ್ಪ ರೈಲಿನಿಂದ ಇಳಿದವರನ್ನು ಟಾಂಗಾದಲ್ಲಿ ಒಯ್ದು ಬಿಡುತ್ತಿದ್ದ. ಕಮಲಾಪುರದ ಸವಾರಿ ಬಂದರೆ ಮಾತ್ರ ಕುದುರೆಗೆ ಆಗದು ಎಂದು ಒಲ್ಲೆ ಎನ್ನುತ್ತಿದ್ದ. ಸಾಯುವವರೆಗೂ ಆ ಊರಿಗೆ ಕಾಲಿಡಲಿಲ್ಲ.

ಬಹಳ ವರ್ಷಗಳ ಮೇಲೆ ಕಲಬುರ್ಗಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೀಗರ ಪೈಕಿ ದಪ್ಪ ಮೀಸೆಯ ಒಬ್ಬ ಗಂಡಸು ನನ್ನ ಗುರುತು ಕೇಳಿಕೊಂಡು, ಎಲ್ಲರೆದುರು, ಓ ನಮ್ಮ ಅಜ್ಜಿಯನ್ನು ಹಿಡಿಸಿಕೊಟ್ಟ ರೊಟ್ಟಿಯವನ ಮಗಳು ನೀವೇ ಏನು ಎಂದ. ಆ ಕೂಸು ಇವನೇ. ಅವನ ಪಕ್ಕದಲ್ಲಿ ಅವನ ತಾಯಿ ಕುಳಿತಿದ್ದಳು, ಹಲ್ಲು ಹೋದ ಮುದುಕಿ. ನಾನು ಅವಳ ಮುಖ ನೋಡುತ್ತ ಕುಳಿತೆ. ಅವಳ ಒಂದು ಮಾತು ಸಾಕಿತ್ತು. ಅವಳು ಸೆರಗು ಸರಿಮಾಡಿಕೊಂಡಳು.

ಮಗ ಎದ್ದು ಹೋದಮೇಲೆ ಅವಳು ನನ್ನ ಕಡೆ ಸರಿದು, ಅಪ್ಪ ಹೇಗೆ ತೀರಿಕೊಂಡ ಎಂದು ಕೇಳಿದಳು. ಹೇಳಿದೆ. ಆಮೇಲೆ ದನಿ ಇಳಿಸಿದಳು.

"ನನ್ನ ಹೆಸರು ಎಂದಾದ್ರೂ ತಗದಿದ್ನೇನವ್ವ?"

"ಇಲ್ರಿ."

ಅವಳು ಉಸಿರು ಬಿಟ್ಟಳು. ಮುಖದಲ್ಲಿ ಎಷ್ಟೋ ವರ್ಷದ ಗಂಟು ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮಪ್ಪನ ಬಗ್ಗೆ ಮತ್ತೇನೂ ಕೇಳಲಿಲ್ಲ. ಸೊಸೆಯಂದಿರನ್ನು ಕರೆದು, ಇವಳಿಗೆ ತುಪ್ಪ ಜಾಸ್ತಿ ಬಡಿಸಿರೆಂದಳು. ನಾನು ಉಂಡು ಬಂದೆ.

ಅಪ್ಪ, ಅವ್ವ ಎಂದೋ ಹೋದರು, ಈಗ ಅವಳೂ ಇಲ್ಲ. ಕಮಲಾಪುರದಲ್ಲಿ ಹಳಬರು ಯಾರಾದರೂ ಉಳಿದಿದ್ದರೆ ಅವರ ಬಾಯಲ್ಲಿ ನಮ್ಮಪ್ಪ ಇನ್ನೂ ಚಾಡಿಕೋರನೇ. ನಿಜ ಬಲ್ಲವಳು ನಾನೊಬ್ಬಳೇ, ನನಗೂ ವಯಸ್ಸಾಯಿತು. ಅಂದು ಪಂಕ್ತಿಯಲ್ಲಿ ಎದ್ದು ನಿಂತು ಹೇಳಿಬಿಡಬೇಕಿತ್ತು ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೇಳಿದ್ದರೆ ಅವಳಿಗಾಗಿ ಅಪ್ಪ ಕಳೆದುಕೊಂಡ ದಾರಿ, ಊರು, ಮರ್ಯಾದೆ, ಎಲ್ಲವೂ ದಂಡವಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ.