ಓಪನರ್ ರಾಮಲಿಂಗ

ರಾಮಲಿಂಗನ ಹೆಸರಿನ ಮುಂದೆ ಮತ್ತೆ ಸೊನ್ನೆ ಬಿದ್ದಿತ್ತು. ಅವನು ಇಚಲಕರಂಜಿಯ ನೇಯ್ಗೆ ಶೆಡ್ಡೊಂದರಲ್ಲಿ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್. ಸೊನ್ನೆ ಬಿದ್ದದ್ದು ಅಲ್ಲಿಯೇ ಲೆಕ್ಕ ಬರೆಯುವ ಸಾಗರನ ಮೊಬೈಲಿನಲ್ಲಿ. ಸಾಗರನ ಕ್ರಿಕೆಟ್ ಗೇಮಿನಲ್ಲಿ ಬ್ಯಾಟು ಬೀಸುವ ಕೆಲಸವಿಲ್ಲ. ಯಾರು ಮೊದಲು ಇಳಿಯಬೇಕು, ಯಾರು ಹೊಡೆಯಬೇಕು, ಯಾರು ತಡೆದು ನಿಲ್ಲಬೇಕು ಎಂದು ಹೇಳಿಬಿಟ್ಟರೆ ಉಳಿದದ್ದನ್ನು ಫೋನೇ ಆಡಿ ಮುಗಿಸುತ್ತದೆ. ಆಟಗಾರರಿಗೆ ಅವನು ಶೆಡ್ಡಿನವರ ಹೆಸರುಗಳನ್ನೇ ಇಟ್ಟಿದ್ದ. ರಾಮಲಿಂಗನನ್ನು ಎಲ್ಲರಿಗಿಂತ ಕೊನೆಗೆ ಇಳಿಸಿ, ಬಂದ ಚೆಂಡಿಗೆಲ್ಲ ಬೀಸಲು ಬಿಟ್ಟಿದ್ದ. ಸ್ಕೋರು ವಾಟ್ಸಾಪಿಗೆ ಬಂದಾಗಲೆಲ್ಲ ಚಹಾದ ಗಾಡಿಯ ಮುಂದೆ ನಗುವೋ ನಗು.

ಹರೆಯದಲ್ಲಿ ರಾಮಲಿಂಗ ಹುಕ್ಕೇರಿ ಕಡೆಯ ತನ್ನೂರಿನ ತಂಡಕ್ಕೆ ಓಪನರ್ ಆಗಿದ್ದವನು. ರನ್ನು ನಿಧಾನ, ಆದರೆ ಅವನನ್ನು ಔಟ್ ಮಾಡುವಷ್ಟರಲ್ಲಿ ಬೌಲರುಗಳು ಸುಸ್ತಾಗುತ್ತಿದ್ದರು. ತನ್ನ ಹೆಸರಿನವನು ದಿನಾ ಹೀಗೆ ಬೌಲ್ಡ್ ಆಗುವುದು ಅವನಿಗೆ ಸಹಿಸಲಾಗಲಿಲ್ಲ. ಮೊದಲು ಇಳಿಸು, ಇಲ್ಲವೇ ಹೆಸರು ತೆಗೆ ಎಂದು ಸಾಗರನಿಗೆ ಹೇಳಿದ.

“ಅಣ್ಣಾ, ಇದು ಇಪ್ಪತ್ತು ಓವರಿನ ಆಟ. ನೀವು ನಿಂತ್ರ ಮ್ಯಾಚ್ ಮುಳುಗತೈತ್ರಿ,” ಎಂದ ಸಾಗರ.

ರಾಮಲಿಂಗ ವಾದಕ್ಕೆ ನಿಲ್ಲಲಿಲ್ಲ. ಮನೆಗೆ ಹೋದವನೇ ಮಗಳು ವೃಷಾಲಿಯಿಂದ ಅದೇ ಗೇಮು ಹಾಕಿಸಿಕೊಂಡ. ತನ್ನದೇ ತಂಡ ಕಟ್ಟಿ, ತನ್ನ ಹೆಸರನ್ನು ಎಲ್ಲರಿಗಿಂತ ಮೇಲಿಟ್ಟ. ಮೊದಲ ಆರು ಓವರ್ ಫೀಲ್ಡರುಗಳು ಹತ್ತಿರವೇ ಇರುತ್ತಾರೆ, ಆಗಲೇ ಹೊಡೆಯಬೇಕು ಎಂದು ವೃಷಾಲಿ ತಿಳಿಸಿ ಹೇಳಿದಳು. ಅವನು ಕೇಳಲಿಲ್ಲ. ಹೊಡೆಯುವವರು ಪಿಚ್ಚಿನ ಆ ಕಡೆ ಇದ್ದೇ ಇದ್ದಾರೆ, ಈ ಕಡೆ ನಿಲ್ಲಲು ಒಬ್ಬ ಬೇಕು ಎಂದು, ತನ್ನ ಹೆಸರಿನವನಿಗೆ ಚೆಂಡು ಮೇಲೆತ್ತಿ ಹೊಡೆಯದಂತೆ ಗೇಮಿನಲ್ಲಿ ತಾಕೀತು ಮಾಡಿಟ್ಟ.

ರಜೆಯ ದಿನ ಸಾಗರನ ತಂಡದ ಮೇಲೆಯೇ ಪಂದ್ಯ. ಶೆಡ್ಡಿನ ಮಂದಿ ಸುತ್ತ ನೆರೆದಿದ್ದರು. ನೂರೈವತ್ತೆರಡು ಹೊಡೆಯಬೇಕಿತ್ತು. ಆ ತುದಿಯಲ್ಲಿ ಒಬ್ಬೊಬ್ಬರೇ ಸಿಕ್ಸರಿಗೆ ಹೋಗಿ ಕ್ಯಾಚು ಕೊಟ್ಟರು, ಈ ತುದಿಯಲ್ಲಿ ರಾಮಲಿಂಗ ಒಂದೊಂದೇ ರನ್ನು ಕದಿಯುತ್ತ ನಿಂತಿದ್ದ. ಹತ್ತು ಓವರಾದಾಗ ಎಲ್ಲರೂ ಆಟ ಬದಲಿಸೆಂದು ದುಂಬಾಲು ಬಿದ್ದರು. ಅವನು ಫೋನನ್ನು ಅಂಗೈಯಿಂದ ಮುಚ್ಚಿ ಕುಳಿತ. ಕೊನೆಯ ಮೂರು ಓವರಿಗೆ ಮಾತ್ರ ಜೋರಾಗಿ ಆಡಲು ಬಿಟ್ಟ, ಆಗಲೂ ನೆಲದ ಮೇಲಷ್ಟೇ.

ಒಂಬತ್ತು ರನ್ನಿನಿಂದ ಸೋತ. ರಾಮಲಿಂಗ, ನಲವತ್ತೊಂದು, ನಾಟೌಟ್.

ನೀವೇ ಮುಳುಗಿಸಿದಿರಿ ಎಂದು ಯಾರೋ ನಕ್ಕರು.

“ಸೋತೇನಿ, ಖರೇ,” ಎಂದ ರಾಮಲಿಂಗ. “ಆ ಕಡೆ ಎಂಟು ಮಂದಿ ಹೋದ್ರು. ನಾ ಔಟ್ ಆಗಿಲ್ಲ.”

ಸಾಗರನ ಬೌಲರುಗಳು ಅವನನ್ನು ಅಲುಗಿಸಿರಲಿಲ್ಲ ಎಂಬುದನ್ನು ಎಲ್ಲರೂ ಕಂಡಿದ್ದರು. ಸಾಗರನ ದನಿ ಮೆತ್ತಗಾಯಿತು. ನನ್ನ ತಂಡದಲ್ಲೇ ಇರಿ, ಐದನೆಯವರಾಗಿ ಇಳಿಸುತ್ತೇನೆ ಎಂದ. ರಾಮಲಿಂಗ ಬೇಡವೆಂದು ತಲೆಯಾಡಿಸಿದ.

“ನನ್ನ ಹೆಸರ ತಗಿ.”

ಸಾಗರ ಎಲ್ಲರೆದುರೇ ತೆಗೆದ.

ಮುಂದಿನ ಪಂದ್ಯಕ್ಕೆ ತಂಡ ಜೋಡಿಸುವಾಗ ವೃಷಾಲಿ, ಈ ಸಲವಾದರೂ ಬದಲಾವಣೆ ಬೇಕೇ ಬೇಕು ಎಂದು ಪಟ್ಟು ಹಿಡಿದಳು.

“ಹೌದವಾ, ಬೇಕು,” ಎಂದ ರಾಮಲಿಂಗ. “ಆ ಕಡಿಯಾವ್ರನ್ನ ಬದ್ಲಿ ಮಾಡು. ನನ್ನ ಮುಟ್ಟಬ್ಯಾಡ.”